ಏರದ ಷೇರು, ಏರುವ ರಕ್ತದೊತ್ತಡ

ದೊಮ್ಮಲೂರಿನವರಿಗೆ ಕಿಂಗ್‌ಫಿಷರ್ ವಿಮಾನಗಳ ನೆನಪಿರಬಹುದು. 2008ರ ಮೇ ತಿಂಗಳವರೆಗೆ ಅವು ಪಕ್ಕದ ಎಚ್‌ಎಎಲ್ ನಿಲ್ದಾಣದಿಂದಲೇ ಹಾರುತ್ತಿದ್ದವು. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಒಮ್ಮೆ 300 ರೂಪಾಯಿ ಆಸುಪಾಸಿನಲ್ಲಿದ್ದ ಷೇರು 2015ರಲ್ಲಿ 2 ರೂಪಾಯಿಗಿಂತ ಕೆಳಗಿಳಿಯಿತು. ಆದರೂ ‘ಇಂದಲ್ಲ ನಾಳೆ ಏರೀತು’ ಎಂದು ಕಾದ ಸಣ್ಣ ಹೂಡಿಕೆದಾರರಿದ್ದರು.

ಏಕೆ ಹೀಗೆ? ಲಾಭದ ಸುಖಕ್ಕಿಂತ ಅಷ್ಟೇ ನಷ್ಟದ ನೋವು ದೊಡ್ಡದೆಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್‌ಸ್ಕಿ 1979ರಲ್ಲೇ ವಿವರಿಸಿದರು. ಮಾರಿದರೆ ನಷ್ಟ ಒಪ್ಪಿಕೊಂಡಂತೆ. ಇಟ್ಟುಕೊಂಡರೆ ಆಸೆ ಉಳಿಯುತ್ತದೆ. ಆ ಆಸೆಗೆ ಬಡ್ಡಿ ಕಟ್ಟುವುದು ದೇಹ: ನಿದ್ದೆಗೇಡು, ತಲೆನೋವು, ಎದೆಯುರಿ, ಏರುವ ರಕ್ತದೊತ್ತಡ.

ನಿಮ್ಮ ಬಳಿಯೂ ಅಂಥ ಷೇರಿದೆಯೇ? ‘ಇಷ್ಟೇ ನಗದು ಕೈಯಲ್ಲಿದ್ದರೆ ಇಂದು ಇದನ್ನು ಕೊಳ್ಳುವೆನೇ?’ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ನಿಮ್ಮನ್ನು ಹಿಡಿದಿಟ್ಟಿರುವುದು ಹಳೆಯ ಬೆಲೆಯ ನೆನಪು ಮಾತ್ರ. ಮಲಗುವ ಮುನ್ನ ಬೆಲೆ ನೋಡಬೇಡಿ. ನಷ್ಟವನ್ನು ಮನೆಯವರಿಂದ ಮುಚ್ಚಿಡಬೇಡಿ. ಹಣಕ್ಕಿಂತ ಗುಟ್ಟು ಹೆಚ್ಚು ಕೊರೆಯುತ್ತದೆ. ವೈದ್ಯರನ್ನು ಕೇಳದೆ ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಡಿ. ಎದೆ ಹಿಂಡಿದಂತಾದರೆ ‘ಗ್ಯಾಸ್’ ಎಂದುಕೊಂಡು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಬದುಕೇ ಬೇಡವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.