ಕಡಲಿಂದ ಎದ್ದು ಬಂದ ನೆನಪು

ಬೈರೂತಿನ ಕಡಲಿನಿಂದ ಮೂವರು ಹುಡುಗರು ಬೆತ್ತಲಾಗಿ ಎದ್ದು ದಡದತ್ತ ನಡೆಯುತ್ತಾರೆ. ಮೇಲೆ ಬೆಳಕಿನ ಗುಂಡುಗಳು ಉರಿಯುತ್ತ ನಿಧಾನವಾಗಿ ಇಳಿಯುತ್ತಿವೆ. ಇಸ್ರೇಲಿ ನಿರ್ದೇಶಕ ಅರಿ ಫೋಲ್ಮನ್ ಅವರ ಅನಿಮೇಷನ್ ಚಿತ್ರ 'ವಾಲ್ಟ್ಸ್ ವಿತ್ ಬಷೀರ್' (2008) ಈ ದೃಶ್ಯಕ್ಕೆ ಮತ್ತೆ ಮತ್ತೆ ಮರಳುತ್ತದೆ. 1982ರ ಲೆಬನಾನ್ ಯುದ್ಧದಲ್ಲಿ ಫೋಲ್ಮನ್ 19ರ ಕಾಲಾಳು. ಆ ಸೆಪ್ಟೆಂಬರಿನಲ್ಲಿ ಲೆಬನಾನಿನ ಕ್ರೈಸ್ತ ಫಲಾಂಜಿಸ್ಟ್ ಪಡೆಗಳು ಬೈರೂತಿನ ಸಬ್ರಾ ಮತ್ತು ಶತಿಲಾ ನಿರಾಶ್ರಿತರ ನೆಲೆಗಳಲ್ಲಿ ಪ್ಯಾಲೆಸ್ತೀನಿಯರ ಮಾರಣಹೋಮ ನಡೆಸಿದಾಗ ಅವರಿದ್ದ ಸೇನೆ ಹೊರಗೆ ಸುತ್ತುವರಿದಿತ್ತು. ಎರಡು ದಶಕಗಳ ನಂತರ ಅವರಲ್ಲಿ ಉಳಿದಿದ್ದು ಈ ಕಡಲ ಚಿತ್ರವೊಂದೇ. ಅದರಲ್ಲಿರುವ ಗೆಳೆಯನನ್ನೇ ಹುಡುಕಿಕೊಂಡು ಹೋಗಿ ಕೇಳಿದರೆ, ಆತನಿಗೆ ಅಂಥ ನೆನಪೇ ಇಲ್ಲ!

ಫೋಲ್ಮನ್ ಅವರ ಈ ನೆನಪು ಸುಳ್ಳೇ? ಸುಳ್ಳು ಹೇಳುವವನಿಗೆ ನಿಜ ಗೊತ್ತಿರಬೇಕು. ಇಲ್ಲಿ ಹಾಗಲ್ಲ. 2002ರಲ್ಲಿ ಮನೋವಿಜ್ಞಾನಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ ಅವರ ಬಾಲ್ಯದ ಫೋಟೋಗಳನ್ನು ತೋರಿಸಿದರು. ಅವುಗಳಲ್ಲಿ ಒಂದು ಕೃತಕ: ಮಗು ಬಿಸಿಗಾಳಿಯ ಬಲೂನಿನಲ್ಲಿ ಕುಳಿತಂತೆ ಕೂಡಿಸಿದ್ದು. ಮೂರು ಸಂದರ್ಶನ ಮುಗಿಯುವಷ್ಟರಲ್ಲಿ ಅರ್ಧದಷ್ಟು ಮಂದಿ, ಎಂದೂ ನಡೆಯದ ಆ ಹಾರಾಟವನ್ನು ಪೂರ್ತಿಯಾಗಿಯೋ ಭಾಗಶಃವೋ 'ನೆನಪಿಸಿಕೊಂಡರು'.

ಹೀಗಾಗಲು ಮಿದುಳಿನಲ್ಲಿ ಎಡೆ ಎಲ್ಲಿದೆ? 2000ದಲ್ಲಿ ನರವಿಜ್ಞಾನಿಗಳಾದ ಕರೀಂ ನಾದರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ನಡೆಸಿದ ಪ್ರಯೋಗ ಒಂದು ಸುಳಿವು ಕೊಟ್ಟಿತು. ಒಂದು ಸದ್ದಿಗೆ ಹೆದರಲು ಕಲಿತ ಇಲಿಗೆ ಅದೇ ಸದ್ದನ್ನು ಮತ್ತೆ ಕೇಳಿಸಿ, ಆ ಕೂಡಲೇ ಮಿದುಳಿನ ಅಮಿಗ್ಡಲದಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಮದ್ದು ಕೊಟ್ಟರು. ಹಳೆಯ ಭಯ ಕುಂದಿತು. ಸದ್ದು ಕೇಳಿಸದೆ ಮದ್ದು ಕೊಟ್ಟಾಗ ಭಯ ಹಾಗೆಯೇ ಉಳಿಯಿತು. ಅಂದರೆ ನೆನೆದಾಗ ನೆನಪು ಸಡಿಲವಾಗಬಹುದು. ಮತ್ತೆ ಗಟ್ಟಿಯಾಗಲು ಹೊಸದಾಗಿ ಪ್ರೋಟೀನ್ ಬೇಕು. ಸಡಿಲವಿರುವ ಆ ಹೊತ್ತಿನಲ್ಲಿ ಹೊರಗಿನದೂ ಒಳಸೇರಬಹುದು. ಇಲಿಯ ಭಯಕ್ಕೂ ಸೈನಿಕನ ನೆನಪಿಗೂ ಬಹಳ ಅಂತರವಿದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಎದೆ ನಡುಗಿಸಿದ್ದು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ ಎಂಬ ನಂಬಿಕೆಯೂ ಅಲುಗಾಡಿದೆ. ಅಮೆರಿಕದ ಸೈನಿಕ ತರಬೇತಿಯ ಅಣಕು ಯುದ್ಧಕೈದಿ ಶಿಬಿರಗಳಲ್ಲಿ ನಡೆದ ಅಧ್ಯಯನ (2004) ನೋಡಿ. ತಮ್ಮನ್ನು ಕಠಿಣವಾಗಿ ವಿಚಾರಿಸಿದವನನ್ನು ಎದುರು ಸಾಲಿನಲ್ಲಿ ನಿಲ್ಲಿಸಿದಾಗ ಸರಿಯಾಗಿ ಗುರುತಿಸಿದವರು ಶೇ 30; ಮೃದುವಾಗಿ ವಿಚಾರಿಸಿದವನನ್ನು ಗುರುತಿಸಿದವರು ಶೇ 62.

ಹಾಗಾಗಿ ಫೋಲ್ಮನ್ ಅನಿಮೇಷನ್ ಆರಿಸಿದ್ದು ಬರೀ ಶೈಲಿಯ ಶೋಕಿ ಎಂದು ನನಗನಿಸುವುದಿಲ್ಲ. ಮೊದಲು ಸಂದರ್ಶನಗಳನ್ನು ವಿಡಿಯೊದಲ್ಲಿ ಚಿತ್ರೀಕರಿಸಿ, ಆಮೇಲೆ ಎಲ್ಲವನ್ನೂ ಹೊಸದಾಗಿ ಬರೆಸಿದರು. ಕನಸು, ಭ್ರಮೆ, ನಡೆದದ್ದು ಎಲ್ಲಕ್ಕೂ ಒಂದೇ ಗೆರೆ. ಯಾವುದು ಯಾವುದೆಂದು ನೋಡುವವರಿಗೂ ತಿಳಿಯದು.

ಕೊನೆಗೆ ಮಾತ್ರ ಚಿತ್ರ ಥಟ್ಟನೆ ನಿಜವಾದ ಸುದ್ದಿ ದೃಶ್ಯಗಳಿಗೆ ಹೊರಳುತ್ತದೆ: ಹೆಣಗಳು, ಗೋಳಾಡುವ ಹೆಂಗಸರು. ಸೈನಿಕರ ನೆನಪನ್ನು ಇಷ್ಟು ಕೆದಕಿದ ಚಿತ್ರ ಬದುಕುಳಿದ ಪ್ಯಾಲೆಸ್ತೀನಿಯರ ನೆನಪನ್ನು ಕೇಳಲೇ ಇಲ್ಲ ಎಂಬ ಟೀಕೆ ಬಂತು. ಅದು ನ್ಯಾಯವಾದ ಟೀಕೆ.