ಲೋಹಶೋಧಕದ ಸಡಿಲ ದಂಡ

ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಹಾಕ್ಸನ್ ಎಂಬ ಒಂದು ಹಳ್ಳಿಯುಂಟು. 1992ನೆಯ ಇಸವಿಯ ನವೆಂಬರಿನಲ್ಲಿ, ಅಲ್ಲಿಯ ರೈತನೊಬ್ಬ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಅವನ ಗೆಳೆಯ ಲೋಹಶೋಧಕವನ್ನು ಹಿಡಿದು ಹೊರಟ. ಯಂತ್ರ ಕೂಗಿದ ಕಡೆ ಅಗೆದು ನೋಡಿದರೆ ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ನಾಣ್ಯ! ಆತ ಬುದ್ಧಿವಂತ; ಎಲ್ಲವನ್ನೂ ಕಿತ್ತುಹಾಕದೆ ಸಂಬಂಧಪಟ್ಟವರಿಗೆ ತಿಳಿಸಿದ. ಪ್ರಾಕ್ತನ ಶಾಸ್ತ್ರಜ್ಞರು ಬಂದು ಕ್ರಮವಾಗಿ ಅಗೆದರು. ರೋಮನರ ಕಾಲದ ಆ ನಿಧಿಯಲ್ಲಿ ನಾಣ್ಯಗಳೇ 14,865. ಸುತ್ತಿಗೆಯೂ ಕಡೆಗೆ ಸಿಕ್ಕಿತು. ಅದೂ ನಿಧಿಯೊಡನೆ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು.

ಆ ದೇಶದಲ್ಲಿ ರಜೆಯ ದಿನ ಇಂತಹ ಯಂತ್ರವನ್ನು ಹಿಡಿದು, ಹೊಲದ ಒಡೆಯನ ಒಪ್ಪಿಗೆ ಪಡೆದು ಅಡ್ಡಾಡುವುದು ಅನೇಕರಿಗೆ ಹವ್ಯಾಸ. ಅಲ್ಲಿ ಕೆಲಸದಲ್ಲಿರುವ ನಿಮ್ಮ ಮಗನೋ ಅಳಿಯನೋ ಒಂದನ್ನು ಕೊಂಡಿರಲೂಬಹುದು. ಕೊಂಡ ಕೆಲಕಾಲಕ್ಕೆ ಕೇಳಿಬರುವ ದೂರು ಒಂದುಂಟು: "ದಂಡ ಅಲುಗಾಡುತ್ತದೆ." ಕೇಳಿದವರು ಇದೇನು ಮಹಾ ಎಂದು ನಗುತ್ತಾರೆ. ನಗುವ ಮಾತಲ್ಲ, ಏಕೆಂಬುದನ್ನು ನೋಡೋಣ.

ಯಂತ್ರದ ರಚನೆ ಹೀಗೆ: ಮೇಲ್ಗಡೆ ಹಿಡಿ ಮತ್ತು ಬ್ಯಾಟರಿಯ ಪೆಟ್ಟಿಗೆ, ಕೆಳಗಡೆ ತಂತಿಯ ಸುರುಳಿಯನ್ನು ಅಡಗಿಸಿಕೊಂಡಿರುವ ದುಂಡನೆಯ ತಟ್ಟೆ, ಎರಡನ್ನೂ ಕೂಡಿಸುವುದು, ಒಂದರೊಳಗೊಂದು ತೂರಿಕೊಳ್ಳುವ ಎರಡು ಮೂರು ಕೊಳವೆಗಳ ದಂಡ. ಹಿಡಿಯುವವರ ಎತ್ತರಕ್ಕೆ ತಕ್ಕಂತೆ ಉದ್ದ ಮಾಡಿಕೊಳ್ಳಲೆಂದು ಈ ಏರ್ಪಾಟು. ಒಂದರೊಳಗೊಂದು ತೂರಬೇಕಾದರೆ ನಡುವೆ ಕೂದಲೆಳೆಯಷ್ಟಾದರೂ ಎಡೆ ಇರಲೇಬೇಕಷ್ಟೆ. ಮರಳು ಹೊಕ್ಕು, ಬೀಸಿ ಬೀಸಿ, ಆ ಎಡೆ ಅಗಲವಾಗುತ್ತ ಹೋಗುತ್ತದೆ. ಕೀಲಿನಲ್ಲಿ ಕಣ್ಣಿಗೆ ಕಾಣದಷ್ಟಿದ್ದ ಸಡಿಲು ಕೆಳಗೆ ತಟ್ಟೆಯ ಅಂಚಿಗೆ ಬರುವ ಹೊತ್ತಿಗೆ ಬೆರಳಗಲವಾಗಿರುತ್ತದೆ.

ತಟ್ಟೆಯಲ್ಲಿನ ಸುರುಳಿಯೊಳಗೆ, ಸಾಮಾನ್ಯ ಬಗೆಯ ಯಂತ್ರಗಳಲ್ಲಿ, ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲದೊಳಗಿಳಿದು, ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ಸುಳಿಗಳಂತೆ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಸುಳಿಗಳ ಪ್ರತಿಧ್ವನಿಯನ್ನು ತಟ್ಟೆಯಲ್ಲಿರುವ ಇನ್ನೊಂದು ಸುರುಳಿ ಕೇಳಿಸಿಕೊಳ್ಳುತ್ತದೆ. ಆದರೆ ಮಣ್ಣೂ ಮೌನಿಯಲ್ಲ. ನಮ್ಮ ಕೆಂಪು ಭೂಮಿಯ ಕೆಂಪೇ ಕಬ್ಬಿಣದ ಆಕ್ಸೈಡಿನದು. ಕಬ್ಬಿಣದ ಅಂಶವುಳ್ಳ ಇಂತಹ ಮಣ್ಣು ತಾನೂ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತದೆ. ತಟ್ಟೆ ಒಂದೇ ಎತ್ತರದಲ್ಲಿ ಸಾಗಿದರೆ ಆ ದನಿ ಒಂದೇ ಸಮನಾಗಿರುವುದರಿಂದ ಯಂತ್ರ ಅದನ್ನು ಕಳೆದುಬಿಡಬಲ್ಲದು. ತಟ್ಟೆ ಓಲಾಡಿತೋ, ಮಣ್ಣಿನ ದನಿಯೂ ಏರಿಳಿಯುತ್ತದೆ; ಇಲ್ಲದ ಲೋಹ ಇದೆಯೆಂದು ಯಂತ್ರ ಕೂಗುತ್ತದೆ. ರೇಡಿಯೋದ ಧ್ವನಿಗುಂಡಿ ಸವೆದಾಗ ಹಾಡಿನ ನಡುವೆ ಕರಕರ ಸದ್ದು ಬರುವುದಿಲ್ಲವೆ? ನಿಲಯದ ತಪ್ಪು ಅಲ್ಲಿ ಏನೂ ಇಲ್ಲ. ಇಲ್ಲಿಯೂ ಹಾಗೆಯೇ. ಹತ್ತು ಬಾರಿ ಬರಿದೆ ಗುಣಿ ತೋಡಿದವನು ಹನ್ನೊಂದನೆಯ ಬಾರಿ ಕೂಗಿದಾಗ ಬಗ್ಗುವುದೇ ಇಲ್ಲ; ನಾಣ್ಯ ಇದ್ದದ್ದು ಅಲ್ಲಿಯೇ ಆಗಿರಬಹುದು. ಕನ್ನಡದಲ್ಲಿ ದಂಡವೆಂದರೆ ಕೋಲೂ ಹೌದು, ವ್ಯರ್ಥವೂ ಹೌದು. ಕೋಲು ಸಡಿಲವಾದರೆ ಎರಡನೆಯ ಅರ್ಥ ತಾನಾಗಿ ಬಂದು ಕೂಡಿಕೊಳ್ಳುತ್ತದೆ.

ರಿಪೇರಿಗೆ ಮುನ್ನ ಬ್ಯಾಟರಿ ತೆಗೆಯಿರಿ. ಸಡಿಲು ಎಲ್ಲಿದೆಯೆಂದು ತಿಳಿಯದೆ ಟೇಪು ಸುತ್ತುವುದು, ನೋವು ಎಲ್ಲಿದೆಯೆಂದು ಕೇಳದೆ ಲೇಪ ಹಚ್ಚಿದಂತೆ. ಪ್ರತಿಯೊಂದು ಕೀಲಿನ ಮೇಲೊಂದು ಕೆಳಗೊಂದು ಕೈಯಿಟ್ಟು, ಮೊದಲು ಅಕ್ಕಪಕ್ಕಕ್ಕೆ ಅಲ್ಲಾಡಿಸಿರಿ, ಆಮೇಲೆ ತಿರುಚಿ ನೋಡಿರಿ. ಪಕ್ಕಕ್ಕೆ ಅಲುಗಿದರೆ ಕೊಳವೆಗಳ ನಡುವೆ ಎಡೆ ಹೆಚ್ಚಾಗಿದೆ. ತಿರುಚಿದಾಗ ಅಲುಗಿದರೆ, ಸ್ಪ್ರಿಂಗಿನ ಗುಂಡಿ ಕೂರುವ ತೂತು ಸವೆದು ಮೊಟ್ಟೆಯಾಕಾರವಾಗಿದೆ, ಅಥವಾ ತಿರುಗಿಸಿ ಬಿಗಿಮಾಡುವ ಬಳೆ ಹಿಡಿಯುತ್ತಿಲ್ಲ.

ಅನೇಕ ವೇಳೆ ಎರಡೂ ಅಲ್ಲ. ದೋಷವಿರುವುದು ತೀರ ಕೆಳಗೆ, ತಟ್ಟೆಯನ್ನು ದಂಡಕ್ಕೆ ಕೂಡಿಸುವ ಬೋಲ್ಟಿನಲ್ಲಿ. ಅಲ್ಲಿ ಎರಡು ರಬ್ಬರು ವಾಷರುಗಳಿರುತ್ತವೆ. ಅವು ಒಣಗಿ ಗಟ್ಟಿಯಾದರೆ ಎಷ್ಟು ಬಿಗಿದರೂ ತಟ್ಟೆ ಜೋಲುತ್ತದೆ. ಹೊಸ ವಾಷರು ಹಾಕಿದರೆ ಮುಗಿಯಿತು. ಆದರೆ ಒಂದು ಎಚ್ಚರಿಕೆ: ಆ ಬೋಲ್ಟು ಪ್ಲಾಸ್ಟಿಕ್ಕಿನದು. "ಇದೆಂಥ ಆಟಿಕೆ" ಎಂದು ಅದನ್ನು ಬಿಸುಟು ಕಬ್ಬಿಣದ್ದನ್ನು ಹಾಕಬೇಡಿರಿ! ಸುರುಳಿಯ ಮಗ್ಗುಲಲ್ಲೇ ಲೋಹವಿಟ್ಟರೆ ಯಂತ್ರ ಅದನ್ನೇ ಪತ್ತೆಹಚ್ಚುತ್ತ ಕೂರುತ್ತದೆ. ದಂಡದ ಕೆಳಭಾಗವನ್ನು ಲೋಹದಿಂದ ಮಾಡದಿರುವುದೂ ಈ ಕಾರಣಕ್ಕೇ.

ಕೊಳವೆಯ ಎಡೆಯನ್ನು ತುಂಬುವುದಾದರೆ, ಮೊದಲು ಕೊಳವೆಗಳನ್ನು ಬೇರ್ಪಡಿಸಿ, ಒದ್ದೆಬಟ್ಟೆಯಿಂದ ಒಳಗೂ ಹೊರಗೂ ಒರಸಿ ಒಣಗಿಸಿರಿ. ಎಣ್ಣೆ ಮಾತ್ರ ಬೇಡ. ಎಣ್ಣೆ ಮರಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಒಳಕೊಳವೆಯ ಮೇಲೆ ವಿದ್ಯುತ್ ಕೆಲಸದವರ ತೆಳುವಾದ ಟೇಪನ್ನು ಸುತ್ತಬೇಕು. ಬಹಳ ಜನ ಒಂದೇ ಕಡೆ ದಪ್ಪವಾಗಿ ಸುತ್ತಿ ಬಿಡುತ್ತಾರೆ. ಆಗ ಆ ಸುತ್ತೇ ತಕ್ಕಡಿಯ ಮುಳ್ಳಿನ ಕೀಲಿನಂತಾಗಿ ಕೊಳವೆ ಅದರ ಮೇಲೆ ಓಲಾಡುತ್ತದೆ. ಎರಡು ಕಡೆ ಸುತ್ತಬೇಕು: ಒಂದು, ಒಳಗೆ ಹೋಗಿ ನಿಲ್ಲುವ ತುದಿಯ ಹತ್ತಿರ, ಇನ್ನೊಂದು, ನಿಮ್ಮ ಎತ್ತರಕ್ಕೆ ಸರಿಹೊಂದಿಸಿದಾಗ ಹೊರಕೊಳವೆಯ ಬಾಯಿಯ ಒಳಭಾಗಕ್ಕೆ ಬರುವ ಜಾಗದಲ್ಲಿ. ಇವೆರಡರ ನಡುವೆ ದೂರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಒಂದು ಸುತ್ತು ಹಾಕಿ ತೂರಿಸಿ ನೋಡಿರಿ; ಸಾಲದಿದ್ದರೆ ಇನ್ನೊಂದು. ಕೈಯಿಂದ ಒತ್ತಿದಾಗ ತುಸು ತಡೆಯುತ್ತ ಒಳಗೆ ಹೋದರೆ ಅಷ್ಟೇ ಬೇಕಾದದ್ದು. ಸುತ್ತಿಗೆಯಿಂದ ಬಡಿದು ಕೂರಿಸಿದವರು ತೆಗೆಯುವಾಗ ಕೊಳವೆಯನ್ನೇ ಸೀಳಿದ್ದುಂಟು. ಕಾಗದ ತುರುಕುವುದೂ ಬೇಡ. ಹೊಲದ ಹಸಿಗೆ ಅದು ಊದಿಕೊಳ್ಳುತ್ತದೆ.

ತೂತು ಸವೆದಿದ್ದರೆ ಟೇಪು ಅರೆಚಿಕಿತ್ಸೆ ಮಾತ್ರ. ಆ ಕೊಳವೆಯನ್ನೇ ಬದಲಿಸುವುದು ಮೇಲು.

ಇನ್ನು ಸುರುಳಿಗೆ ಹೋಗುವ ತಂತಿ. ದಂಡವನ್ನು ಬಿಚ್ಚಿ ಜೋಡಿಸುವಾಗ ಇದನ್ನು ಮರೆಯುವವರೇ ಹೆಚ್ಚು. ತಂತಿಯನ್ನು ದಂಡಕ್ಕೆ ಒತ್ತಾಗಿ ಸುತ್ತಿ, ಮೇಲೆ ಕೆಳಗೆ ಪಟ್ಟಿಯಿಂದ ಬಿಗಿಯಿರಿ. ಒಂದೇ ಕಡೆ ನಿಂತ ಲೋಹವನ್ನು ಯಂತ್ರ ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ತಟ್ಟೆಯ ಮೇಲೆ ಚಾಮರ ಬೀಸುವ ತಂತಿಯನ್ನು ಸಹಿಸುವುದಿಲ್ಲ. ತಟ್ಟೆಯನ್ನು ಮಡಚಲು ಬೇಕಾದಷ್ಟು ಸಡಿಲನ್ನು ಮಾತ್ರ ಕೆಳಗೆ ಬಿಡಿರಿ.

ಎಲ್ಲ ಮುಗಿದ ಮೇಲೆ, ಕಬ್ಬಿಣದ ಬೇಲಿ, ಮಂಚ, ವಿದ್ಯುತ್ ತಂತಿಗಳಿಂದ ದೂರ ಹೋಗಿ, ಉಂಗುರ ಗಡಿಯಾರಗಳನ್ನು ತೆಗೆದಿಟ್ಟು ಯಂತ್ರವನ್ನು ಹಚ್ಚಿರಿ. ತಟ್ಟೆಯನ್ನು ನೆಲದಿಂದ ಎತ್ತಿ ಹಿಡಿದು ಗಾಳಿಯಲ್ಲಿ ಬೀಸಿದಾಗ ಮೌನವಾಗಿರಬೇಕು. ಕೂಗಿದರೆ ಬೋಲ್ಟನ್ನೂ ತಂತಿಯನ್ನೂ ಮತ್ತೆ ನೋಡಿರಿ. ಮೌನವಾಗಿದ್ದರೆ, ಹುಲ್ಲಿನ ಮೇಲೆ ಒಂದು ನಾಣ್ಯವಿಟ್ಟು, ನೆಲಕ್ಕೆ ಎರಡು ಬೆರಳು ಮೇಲೆ ತಟ್ಟೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸಾಗಿಸಿರಿ. ಎರಡು ಬಾರಿಯೂ ಒಂದೇ ಜಾಗದಲ್ಲಿ, ಒಂದೇ ದನಿಯಲ್ಲಿ ಕೂಗಿತಾದರೆ ದಂಡ ಬಿಗಿಯಾಗಿದೆ; ಯಂತ್ರವನ್ನು ಹೊಲಕ್ಕೆ ಒಯ್ಯಬಹುದು.