ವರ್ಚುವಲ್ ಲ್ಯಾನ್ ಮತ್ತು ಕೌಂಟರಿನ ಸಂಪರ್ಕ: ಸಾರ್ವಜನಿಕರ ಮಾಹಿತಿಗಾಗಿ

ಭೂಮಿ ಯೋಜನೆಯಡಿ 2000ರ ದಶಕದ ಆರಂಭದಲ್ಲಿ ಕೈಬರಹದ ಪಹಣಿಯ ಸ್ಥಾನದಲ್ಲಿ ಗಣಕೀಕೃತ ಪಹಣಿ ಜಾರಿಗೆ ಬಂದಿತು. 2012ರಲ್ಲಿ ಆರಂಭವಾದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಂದ ಜಾತಿ, ಆದಾಯ ಪ್ರಮಾಣ ಪತ್ರಗಳೂ ಗಣಕಜಾಲದ ಮೂಲಕವೇ ವಿತರಣೆಯಾಗುತ್ತಿವೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬರುವ ಅರ್ಜಿದಾರರಿಗೆ "ಸರ್ವರ್ ಇಲ್ಲ" ಎಂಬ ಉತ್ತರ ದೊರೆತರೆ ಆಗುವ ನಷ್ಟ ಸಣ್ಣದಲ್ಲ. ಆದರೆ ದೋಷವು ಯಾವಾಗಲೂ ಸರ್ವರಿನಲ್ಲಿಯೇ ಇರುವುದಿಲ್ಲ. ಕಚೇರಿಯ ಮೂಲೆಯಲ್ಲಿರುವ ಸ್ವಿಚ್ಚಿನಲ್ಲಿಯೂ ಇರಬಹುದು.

ಕಚೇರಿಯ ಗಣಕಯಂತ್ರಗಳು, ಪ್ರಿಂಟರ್‌ಗಳು, ಕ್ಯಾಮೆರಾಗಳು ಸ್ವಿಚ್ ಎಂಬ ಸಾಧನಕ್ಕೆ ಜೋಡಣೆಯಾಗಿರುತ್ತವೆ. ಎಲ್ಲವೂ ಒಂದೇ ಜಾಲದಲ್ಲಿದ್ದಲ್ಲಿ, ಒಂದು ಯಂತ್ರಕ್ಕೆ ತಗುಲಿದ ವೈರಸ್ ದಾಖಲೆಗಳನ್ನು ನಿರ್ವಹಿಸುವ ಯಂತ್ರಗಳಿಗೂ ಹರಡುವ ಸಂಭವವಿರುತ್ತದೆ. ಪ್ರತಿ ಶಾಖೆಗೂ ಬೇರೆ ಸ್ವಿಚ್ ಖರೀದಿಸುವುದು ದುಬಾರಿ. ಅದರ ಬದಲು ಒಂದೇ ಸ್ವಿಚ್ಚನ್ನು ಸಂಖ್ಯೆಗಳ ಮೂಲಕ ವಿಭಜಿಸಬಹುದು: ಉದಾಹರಣೆಗೆ, ಕೌಂಟರಿನ ಯಂತ್ರಗಳಿಗೆ 20, ಕ್ಯಾಮೆರಾಗಳಿಗೆ 30. ಇವೇ ವರ್ಚುವಲ್ ಲ್ಯಾನ್‌ಗಳು. ಒಂದರಿಂದ ಇನ್ನೊಂದನ್ನು ತಲುಪಲು ರೂಟರ್ ಮೂಲಕ ಹಾದುಹೋಗಬೇಕು. ಅಲ್ಲಿ ಅನುಮತಿಯನ್ನು ಪರಿಶೀಲಿಸಬಹುದು.

ಎರಡು ಸ್ವಿಚ್‌ಗಳಿದ್ದಾಗ ಅವುಗಳ ನಡುವಿನ ಒಂದೇ ಕೇಬಲ್ಲಿನಲ್ಲಿ ಎಲ್ಲ ಲ್ಯಾನ್‌ಗಳ ಮಾಹಿತಿಯೂ ಸಾಗುತ್ತದೆ. ಈ ಜೋಡಣೆಗೆ ಟ್ರಂಕ್ ಎಂದು ಹೆಸರು. ಟಪಾಲು ಚೀಲ ಒಂದೇ ಆದರೂ ಪ್ರತಿ ಲಕೋಟೆಯ ಮೇಲೆ ಶಾಖೆಯ ಹೆಸರಿರುವಂತೆ, ಮಾಹಿತಿಯ ತುಣುಕುಗಳಿಗೆ 4 ಬೈಟ್‌ಗಳ ಗುರುತು ಸೇರಿಸಲಾಗುತ್ತದೆ. 1998ರಲ್ಲಿ ಪ್ರಕಟವಾದ ಐಇಇಇ 802.1ಕ್ಯೂ ಮಾನಕದಂತೆ ಈ ಗುರುತಿನಲ್ಲಿ 12 ಬಿಟ್‌ಗಳು ಲ್ಯಾನ್ ಸಂಖ್ಯೆಗೆ ಮೀಸಲು. 1ರಿಂದ 4094ರವರೆಗಿನ ಸಂಖ್ಯೆಗಳನ್ನು ಬಳಸಬಹುದು. ಸಣ್ಣ ಕಚೇರಿಗೆ ನಾಲ್ಕೈದು ಧಾರಾಳವಾಗಿ ಸಾಕು. ಗುರುತಿಲ್ಲದೆ ಸಾಗಲು ಬಿಡುವ ಒಂದು ಲ್ಯಾನ್ ಇದ್ದಲ್ಲಿ, ಅದರ ಸಂಖ್ಯೆ ಎರಡೂ ತುದಿಗಳಲ್ಲಿ ಒಂದೇ ಆಗಿರತಕ್ಕದ್ದು.

ಕೆಟ್ಟ ಸ್ವಿಚ್ಚನ್ನು ಬದಲಾಯಿಸಿದಾಗ ಹೊಸದರ ಟ್ರಂಕಿನಲ್ಲಿ 20ಕ್ಕೆ ಅನುಮತಿ ನೀಡುವುದು ತಪ್ಪಿಹೋದರೆ ಕೌಂಟರ್ ಮಾತ್ರ ಸ್ಥಗಿತಗೊಳ್ಳುತ್ತದೆ. ಕೇಬಲ್ ಸರಿಯಿರುತ್ತದೆ, ಸ್ವಿಚ್ಚಿನ ದೀಪ ಉರಿಯುತ್ತಿರುತ್ತದೆ, ಕ್ಯಾಮೆರಾಗಳೂ ನಡೆಯುತ್ತಿರುತ್ತವೆ. ಆದ್ದರಿಂದಲೇ ಈ ದೋಷ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಎರಡೂ ಸ್ವಿಚ್‌ಗಳ ಅನುಮತಿ ಪಟ್ಟಿಯನ್ನು ಹೋಲಿಸಿದರೆ ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದು. ಯಾವ ಪೋರ್ಟ್ ಯಾವ ಸಂಖ್ಯೆಗೆ ಸೇರಿದೆ ಎಂಬ ಪಟ್ಟಿಯನ್ನು ಸ್ವಿಚ್ ಪೆಟ್ಟಿಗೆಯೊಳಗೇ ಇರಿಸುವುದು ಸೂಕ್ತ.

ಲ್ಯಾನ್ ವಿಭಜನೆಯು ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವುದಿಲ್ಲ. ಪಾಸ್‌ವರ್ಡ್ ಮೊದಲಾದ ರಕ್ಷಣೆಗಳು ಪ್ರತ್ಯೇಕವಾಗಿ ಇರಲೇಬೇಕು.

ಅರ್ಜಿ ಸಲ್ಲಿಸುವಾಗ ಸಂಪರ್ಕ ಕಡಿತಗೊಂಡಲ್ಲಿ, ಸ್ವೀಕೃತಿ ಸಂಖ್ಯೆ ದೊರೆತಿದೆಯೇ ಎಂಬುದನ್ನು ಅರ್ಜಿದಾರರು ಖಚಿತಪಡಿಸಿಕೊಳ್ಳತಕ್ಕದ್ದು. ಸಕಾಲ ಸೇವೆಗಳ ಗಡುವಿನ ಲೆಕ್ಕಕ್ಕೆ ಅವರ ಕೈಯಲ್ಲಿರುವ ಆಧಾರ ಸ್ವೀಕೃತಿ ಪತ್ರವೇ ಆಗಿರುತ್ತದೆ.